ಒದ್ದೆ ಮರಳಿನ ಮೇಲಿಟ್ಟ ಟೇಪುಗಳು

ಹೋದ ತಿಂಗಳು ಪಾಸ್‌ಬುಕ್ ಬರೆಸಲು ಕನಕಪುರದ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ತಲೆಯೆತ್ತದೆ, "ಸರ್ವರ್ ಇಲ್ಲ ತಾತ, ಊಟ ಆದ್ಮೇಲೆ ಬನ್ನಿ" ಎಂದಳು. ನನ್ನ ಹಿಂದೆ ನಿಂತಿದ್ದ ಕೋಡಿಹಳ್ಳಿ ಕಡೆಯವನೊಬ್ಬ ತನ್ನ ಜೊತೆಗಾರನಿಗೆ, "ಯಾವಾಗ್ ಬಂದ್ರೂ ಇಲ್ಲ ಅಂತಾರಲ್ಲ, ಎಲ್ಲಿಗೋಯ್ತದ್ಲಾ ಅದು? ಮಾವನ ಮನೆಗಾ?" ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಷ್ಟರಲ್ಲಿ ಯಾರೋ ಹಿಂದಿನ ಸಣ್ಣ ಬಾಗಿಲು ತೆಗೆದರು. ಒಳಗಿನಿಂದ ತಣ್ಣನೆಯ ಗಾಳಿ ಬಂತು. ಕಾದ ವೈರು, ಧೂಳು, ಪ್ಲಾಸ್ಟಿಕ್ಕು ಮೂರೂ ಬೆರೆತ ವಾಸನೆ. ನನ್ನ ನಗು ಅಲ್ಲಿಗೇ ನಿಂತಿತು. ಆ ವಾಸನೆಯೊಳಗೆ ನಾನು ಬಹಳ ವರ್ಷ ಕೂತಿದ್ದೆ. ಅದರಲ್ಲಿ ಒಂದು ಮಳೆಗಾಲದಿಂದ ಇನ್ನೂ ಹೊರಗೆ ಬಂದಿಲ್ಲ.

ಹಾರೋಹಳ್ಳಿ ಕೈಗಾರಿಕಾ ಪ್ರದೇಶ ದಿನದಿನಕ್ಕೆ ಬೆಳೆಯುತ್ತಿದ್ದ ಕಾಲ ಅದು. ನಮ್ಮ ಹಿಪ್ಪುನೇರಳೆ ತೋಟದಲ್ಲಿ ಹೆಚ್ಚಿನ ಪಾಲು ಅದಕ್ಕೆ ಹೋಯಿತು. ಊರ ಕಡೆಗಿದ್ದ ಒಂದು ತುಂಡು ಉಳಿಯಿತು. ಜಮೀನು ಹೋದ ಮನೆಗೊಂದು ಕೆಲಸ ಎಂದು ಮಾತಾಗಿತ್ತು. ನಮ್ಮ ತೋಟದ ಜಾಗದಲ್ಲೇ ಎದ್ದ ಕಾರ್ಖಾನೆಯಲ್ಲಿ ನನಗೆ ಕೆಲಸ ಕೊಟ್ಟರು. ಲಾರಿಗಳಿಗೆ ರಬ್ಬರ್ ಪೈಪು ಮಾಡುವ ಕಾರ್ಖಾನೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದೆ ಎಂದು ರಬ್ಬರ್ ಬೇಯಿಸುವ ಕಡೆ ಹಾಕದೆ ಕಂಪ್ಯೂಟರ್ ರೂಮಿಗೆ ಹಾಕಿದರು. ಆಗಲೇ ನನಗೆ ಐವತ್ತರ ಹತ್ತಿರ.

ಆ ರೂಮಿಗೆ ಕಿಟಕಿ ಇರಲಿಲ್ಲ. ಹಗಲೂ ರಾತ್ರಿ ಎ.ಸಿ. ಓಡುತ್ತಿತ್ತು. ಗೋಡೆಯ ಪಕ್ಕ ಕಬ್ಬಿಣದ ಬೀರುವಿನಷ್ಟು ಎತ್ತರದ ಚೌಕಟ್ಟು, ಅದರಲ್ಲಿ ಸರ್ವರು, ಮಿನುಗುವ ಹಸಿರು ದೀಪಗಳು, ಜೇನುಗೂಡಿನ ಹತ್ತಿರ ಕಿವಿಯಿಟ್ಟಂಥ ಸದ್ದು. ಹೊರಗಿದ್ದ ಹುಣಸೆಮರದಿಂದ ಅಂದಾಜು ಹಾಕಿದರೆ ನನ್ನ ಕುರ್ಚಿ ಇದ್ದದ್ದು ನಮ್ಮ ಬಾವಿಯ ಬದಿಯ ಸಾಲಿನಲ್ಲಿ. ಅಲ್ಲಿ ಸೊಪ್ಪು ಕೊಯ್ದವನು ಅಲ್ಲೇ ಬಾಗಿಲು ಮುಚ್ಚಿಕೊಂಡು, ಬೇಸಿಗೆಯಲ್ಲೂ ಮಂಕಿ ಟೋಪಿ ಹಾಕಿಕೊಂಡು ಕೂರುತ್ತಿದ್ದೆ. ಊಟಕ್ಕೆ ಹೊರಗೆ ಬಂದರೆ ರಬ್ಬರ್ ಕಡೆಯ ಹುಡುಗರು, "ಪುಟ್ಸಾಮಣ್ಣ ಊಟಿಯಿಂದ ಬಂದ ಕಣ್ರಲಾ" ಎಂದು ಕೂಗುತ್ತಿದ್ದರು.

ಎ.ಸಿ. ನೋಡಿಕೊಳ್ಳುವುದು, ಬ್ಯಾಟರಿಗಳಿಗೆ ನೀರು ಹಾಕುವುದು, ಸಂಜೆ ಟೇಪು ಬದಲಾಯಿಸುವುದು ನನ್ನ ಕೆಲಸ. ಸರ್ವರಿನ ಒಳಗಿದ್ದದ್ದನ್ನು ನೋಡಿಕೊಳ್ಳುತ್ತಿದ್ದವಳು ನಸೀಮಾ. ಚನ್ನಪಟ್ಟಣದ ಹುಡುಗಿ, ತಂದೆ ಬೊಂಬೆ ಕಡೆಯುವವರು. ಕಂಪ್ಯೂಟರ್ ಓದಿ ಮುಗಿಸಿ ಬಂದಿದ್ದಳು. ಕನಕಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು. ಮೊದಲು ನಾನು ಮೇಡಂ ಎನ್ನುತ್ತಿದ್ದೆ. "ಮೇಡಂ ಅಂದ್ರೆ ನನಗೆ ಯಾರನ್ನೋ ಕರೆದಂಗಾಗುತ್ತೆ ಪುಟ್ಸಾಮಣ್ಣ" ಎಂದ ಮೇಲೆ ನಸೀಮಮ್ಮ ಎಂದೆ.

ಆ ಸರ್ವರಿನಲ್ಲಿ ಏನಿದೆ ಎಂದು ಅವಳೇ ನನಗೆ ಹೇಳಿಕೊಟ್ಟಳು. ಯಾರಿಗೆ ಎಷ್ಟು ಪೈಪು ಹೋಗಬೇಕು, ಗೋಡೌನಿನಲ್ಲಿ ಏನಿದೆ, ಯಾವ ಪೈಪಿಗೆ ರಬ್ಬರಿನ ಜೊತೆ ಏನೇನು ಬೆರೆಸಿದ್ದು, ಯಾರು ಕೆಲಸಕ್ಕೆ ಬಂದರು, ಎಲ್ಲಾ ಅದರೊಳಗೆ. ಆದರೆ ಒಂದೇ ಕಡೆ ಗುಡ್ಡೆ ಹಾಕಿರುವುದಿಲ್ಲ, ಬೇರೆ ಬೇರೆ ಪಟ್ಟಿಗಳು. "ನಿಮ್ಮ ಹೆಸರು ಒಂದು ಕಡೆ ಮಾತ್ರ ಇರುತ್ತೆ. ಮಿಕ್ಕಿದ ಕಡೆಯೆಲ್ಲಾ ನಿಮ್ಮ ನಂಬರು. ಆ ನಂಬರ್ ಹಿಡ್ಕೊಂಡು ಹೋದ್ರೆ ನೀವು ಸಿಕ್ತೀರಿ" ಎಂದಳು.

"ಹೆಸರೇ ಬರ್ಕಂಡ್ರೆ ಆಗಾಕಿಲ್ವಾ ಎಲ್ಲಾ ಕಡೆ?"

"ಹತ್ತು ಕಡೆ ಬರೆದ್ರೆ ಒಂದು ಕಡೆ ಪುಟ್ಟಸ್ವಾಮಿ ಆಗ್ತೀರಿ, ಇನ್ನೊಂದು ಕಡೆ ಪುಟ್ಟಸಾಮಿ. ಆಗ ಮಿಷನ್‌ಗೆ ನೀವು ಇಬ್ರು."

"ಇಬ್ರಾದ್ರೆ ಒಳ್ಳೇದೇ ಬುಡವ್ವ. ಒಬ್ಬನ್ನ ಮನೇಗ್ ಕಳುಸ್ಬೋದು" ಎಂದೆ. ಅವಳು ನಕ್ಕು ನಕ್ಕು ಕೆಮ್ಮಿದಳು.

ಕೆಲಸದಲ್ಲಿ ಮಾತ್ರ ನಗು ಇರಲಿಲ್ಲ. ಕಾರ್ಖಾನೆಯವರು ಒಂದು ಅಂಕಿ ಹಾಕಿದರೆ ಅದರ ಸುಳಿವು ಬೇರೊಂದು ಕಡೆಯೂ ದಾಖಲಾಗುತ್ತಿತ್ತು. ಆ ಜಾಗ ತುಂಬಿದರೆ ಇಡೀ ಕಾರ್ಖಾನೆಯ ಪರದೆಗಳು ನಿಲ್ಲುತ್ತಿದ್ದವು. ಅದಕ್ಕೇ ಬೆಳಗ್ಗೆ ಬಂದವಳೇ ಚೀಲ ಇಳಿಸುವ ಮೊದಲು ಅದನ್ನು ನೋಡುತ್ತಿದ್ದಳು. ದಿನದ ಟೇಪುಗಳು ರೂಮಿನಲ್ಲೇ ಸರ್ವರಿನ ಪಕ್ಕದ ಕಪಾಟಿನಲ್ಲಿರುತ್ತಿದ್ದವು. ತಿಂಗಳ ಕೊನೆಯಲ್ಲಿ ಎಲ್ಲವನ್ನೂ ನಿಲ್ಲಿಸಿ, ಇದ್ದದ್ದೆಲ್ಲವನ್ನೂ ಪೂರ್ತಿಯಾಗಿ ಬೇರೆ ಟೇಪಿಗೆ ಬರೆಯುತ್ತಿದ್ದಳು. ಆ ಟೇಪು ಹಾಡಿನ ಕ್ಯಾಸೆಟ್ಟಿಗಿಂತ ದಪ್ಪ, ಚೌಕ. ಅದು ಕಾರ್ಖಾನೆಯಲ್ಲಿ ಇರಬಾರದು, ಬೆಂಕಿಯೋ ನೀರೋ ಬಂದರೆ ಸರ್ವರು, ಟೇಪು ಎರಡೂ ಹೋಗುತ್ತವೆ ಎಂದು ಮ್ಯಾನೇಜರಿಗೆ ಹೇಳಿದಳು. ಅವರು, "ಪುಟ್ಟಸ್ವಾಮಿ ಮನೆ ಇಲ್ಲೇ ಅಲ್ವಾ, ಅವನ ಹತ್ರ ಇರಲಿ" ಎಂದರು. ಹಾಗೆ ಆ ಟೇಪುಗಳು ನಮ್ಮ ಮನೆಗೆ ಬಂದವು. "ಅಲ್ಮೆರಾದಲ್ಲಿಡಿ. ಬಿಸಿ ತಾಗಬಾರದು, ಧೂಳು ಬೀಳಬಾರದು. ಬೇರೆ ಕಡೆ ಇಡೋದಾದ್ರೆ ನನ್ನನ್ನ ಕೇಳಿ" ಎಂದಿದ್ದಳು. ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ಇನ್ನೊಂದು ಕೇಳಿದ್ದಳು. ಟೇಪಿನಲ್ಲಿರುವುದನ್ನು ಮತ್ತೆ ಬಿಚ್ಚಿ ನೋಡಲು ಇನ್ನೊಂದು ಮಿಷನ್ನು ಬೇಕು ಎಂದು. ನಾನೂ ಅಲ್ಲೇ ನಿಂತಿದ್ದೆ. "ಬರೆದ್ರೆ ಸಾಲದು ಸರ್, ಓದಕ್ಕಾಗುತ್ತಾ ನೋಡಬೇಕು" ಎಂದಳು. ಮ್ಯಾನೇಜರು, "ಮುಂದಿನ ವರ್ಷ ನೋಡೋಣ" ಎಂದರು.

ಆ ವರ್ಷ ಮಳೆ ಬಂದರೆ ನಿಲ್ಲುತ್ತಿರಲಿಲ್ಲ. ಜಯಮ್ಮ, ನನ್ನ ಹೆಂಡತಿ, ಉಳಿದಿದ್ದ ತುಂಡು ತೋಟದ ಸೊಪ್ಪಿಗೆ ಸರಿಯಾಗಿ ರೇಷ್ಮೆಹುಳ ಸಾಕುತ್ತಿದ್ದಳು. ಮಳೆಗೆ ಮನೆಯೆಲ್ಲ ಶೀತವಾಗಿ ಹುಳ ಮಂಕಾದವು. ನಡುಮನೆಯಲ್ಲಿ ಹುಳದ ತಟ್ಟೆಗಳನ್ನು ಜೋಡಿಸಿ ಇದ್ದಿಲ ಒಲೆ ಇಟ್ಟೆವು. ಅಲ್ಮೆರಾ ಇದ್ದದ್ದೂ ಅಲ್ಲೇ. ಒಂದು ದಿನ ಅದರ ಬಾಗಿಲು ಮುಟ್ಟಿದರೆ ಕಬ್ಬಿಣ ಬಿಸಿಯಾಗಿತ್ತು. ಬಿಸಿ ತಾಗಬಾರದು ಎಂದಿದ್ದು ನೆನಪಾಯಿತು.

ಬಿಸಿ ತಾಗಬಾರದ ಒಂದು ವಸ್ತುವನ್ನು ನಾನು ಚಿಕ್ಕಂದಿನಿಂದ ಕಾದವನು. ರೇಷ್ಮೆಹುಳದ ಮೊಟ್ಟೆ. ರಾಮನಗರದಿಂದ ಮೊಟ್ಟೆಯ ಹಾಳೆಗಳನ್ನು ಬೆಳಗಿನ ಹೊತ್ತೇ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದೆವು. ಅಡುಗೆಮನೆಯ ಹಿಂದಿನ ಕತ್ತಲೆ ಮೂಲೆಯಲ್ಲಿ ಮರಳು ಹರಡಿ, ನೀರು ಚಿಮುಕಿಸಿ, ಅದರ ಮೇಲೆ ಇಡುತ್ತಿದ್ದೆವು. ನಮ್ಮಪ್ಪನೂ ಹಾಗೇ ಮಾಡುತ್ತಿದ್ದ. ನಾನು ಕಾದ ಮೊಟ್ಟೆ ಕೆಟ್ಟದ್ದಿಲ್ಲ. ಹಾಗಾಗಿ ಟೇಪಿನ ಡಬ್ಬಿಗಳನ್ನು ತಂದು ಒದ್ದೆ ಮರಳಿನ ಮೇಲೆ ಸಾಲಾಗಿಟ್ಟು, ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿದೆ. ಡಬ್ಬಿಗೆ ಮುಚ್ಚಳ ಇದೆಯಲ್ಲ, ನೀರು ಒಳಗೆ ಹೋಗುವುದಿಲ್ಲ ಎಂದುಕೊಂಡೆ.

ಜಯಮ್ಮ ನೋಡಿ, "ಇದೇನು, ಮರಿ ಮಾಡುಸ್ತೀರಾ ಅದರಲ್ಲಿ?" ಎಂದಳು.

"ನಿಂಗೇನ್ ಗೊತ್ತು? ಇಡೀ ಪ್ಯಾಕ್ಟ್ರಿ ಐತೆ ಇದ್ರೊಳಗೆ."

"ಮೊಟ್ಟೆಗ್ ಜೀವ ಐತೆ, ತಂಪು ಕೇಳ್ತದೆ. ಈ ಡಬ್ಬಿ ಏನ್ ಕೇಳ್ತದೋ ಆ ಮಗೀನ ಕೇಳ್ರಿ ಒಸಿ."

ನಾನು ಕೇಳಲಿಲ್ಲ. ಅವಳಿಗಿಂತ ಒಂದು ಕೈ ಮೇಲಾಗಿ ಕಾಯುತ್ತಿದ್ದೇನೆ ಎಂಬ ಜಂಬ ನನಗೆ. ದಿನಾ ಕೆಲಸಕ್ಕೆ ಹೊರಡುವ ಮೊದಲು ಮರಳಿಗೆ ನೀರು ಚಿಮುಕಿಸುತ್ತಿದ್ದೆ. ಆಮೇಲಿನ ತಿಂಗಳ ಟೇಪುಗಳನ್ನೂ ಸೀದಾ ಅಲ್ಲಿಗೇ ತಂದಿಟ್ಟೆ.

ಒಂದು ಸೋಮವಾರ ಬೆಳಗ್ಗೆ ಹೋಗಿ ರೂಮಿನ ಬೀಗ ತೆಗೆದರೆ ಸದ್ದೇ ಇರಲಿಲ್ಲ. ಆ ಜೇನಿನ ಸದ್ದು ನಿಂತದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ತಾರಸಿಯ ನೀರು ಹೋಗುವ ಬಾಯಿ ಕಟ್ಟಿಕೊಂಡು, ಭಾನುವಾರದ ಮಳೆಯೆಲ್ಲ ಚಾವಣಿಗೆ ಹೊಡೆದಿದ್ದ ಹಲಗೆಗಳ ಮೇಲೆ ತುಂಬಿ, ಹಲಗೆಗಳು ನೀರಿನ ಸಮೇತ ಕೆಳಗೆ ಕುಸಿದಿದ್ದವು. ಸರ್ವರಿನ ಮೈಯಿಂದ ಇನ್ನೂ ನೀರು ಸೋರುತ್ತಿತ್ತು. ಪಕ್ಕದ ಕಪಾಟು ಮಗುಚಿಕೊಂಡು ದಿನದ ಟೇಪುಗಳೆಲ್ಲ ಕೆಸರಿನಂಥ ನೀರಿನಲ್ಲಿದ್ದವು. ಸುಟ್ಟ ವಾಸನೆ. ನಸೀಮಾ ಬಂದು ಬಾಗಿಲಲ್ಲಿ ನಿಂತಳು. ಮುಖ ಬಿಳಿಚಿಕೊಂಡಿತ್ತು. ಆದರೂ ನನ್ನ ಕಡೆ ತಿರುಗಿ, "ಪರವಾಗಿಲ್ಲ, ನಿಮ್ಮ ಮನೇಲಿದೆಯಲ್ಲ ಪುಟ್ಸಾಮಣ್ಣ. ಕೆಲವು ದಿನದ್ದು ಮಾತ್ರ ಹೋಗುತ್ತೆ" ಎಂದಳು.

ಮ್ಯಾನೇಜರಿನ ಜೀಪಿನಲ್ಲಿ ನಾನೂ ಅವಳೂ ನಮ್ಮ ಮನೆಗೆ ಬಂದೆವು. ಆಗ ನಮ್ಮ ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಸೊಪ್ಪು ತಿನ್ನುವ ಹೊತ್ತು. ಅಂಥ ಹೊತ್ತಿನಲ್ಲಿ ಹೊರಗಿನವರನ್ನು ಮನೆಯೊಳಗೆ ಬಿಡುವುದಿಲ್ಲ, ಸೋಂಕು ತಗಲುತ್ತದೆ, ಕಣ್ಣು ಬೀಳುತ್ತದೆ ಎಂದು. ಅವಳು ಬಾಗಿಲವರೆಗೆ ಬಂದವಳು ತಾನಾಗೇ, "ಹುಳ ಇದೆಯಾ? ನಾನು ಇಲ್ಲೇ ನಿಲ್ತೀನಿ" ಎಂದಳು. ಚನ್ನಪಟ್ಟಣದ ಕಡೆಯೂ ಹುಳ ಸಾಕುತ್ತಾರೆ, ಅವಳಿಗೆ ಅದು ಗೊತ್ತು.

ಒಳಗೆ ಹೋಗಿ ಒದ್ದೆ ಬಟ್ಟೆ ಎತ್ತಿದೆ. ಡಬ್ಬಿಗಳ ಒಳಮೈಗೆ ಬೆವರಿಟ್ಟಂತೆ ನೀರಿನ ಹನಿಗಳು. ಒಂದನ್ನು ತೆಗೆದರೆ ಟೇಪಿನ ಅಂಚಿನಲ್ಲಿ ಬೂದಿಯಂಥ ಬೂಷ್ಟು. ಆಗ ನನಗೆ ತಿಳಿಯಿತು. ನಾನಿಟ್ಟ ತಂಪೇ ಅವುಗಳನ್ನು ಕೆಡಿಸಿತ್ತು. ಜಯಮ್ಮ ಸೊಪ್ಪು ಹಾಕುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಟವೆಲ್ಲಿನಿಂದ ಒಂದೊಂದನ್ನೂ ಒರೆಸಿದೆ. ಬೂಷ್ಟನ್ನು ಬೆರಳಿನಿಂದ ತಿಕ್ಕಿದೆ. ಒಣಗಿದ ಹಾಗೆ ಕಂಡ ಮೇಲೆ ಮುಚ್ಚಳ ಹಾಕಿ ಹೊರಗೆ ತಂದೆ.

"ಅಲ್ಮೆರಾದಲ್ಲೇ ಇತ್ತಲ್ವಾ?" ಎಂದು ಕೇಳಿದಳು. ಸುಮ್ಮನೆ ಕೇಳಿದ್ದು, ಸಂಶಯದಿಂದಲ್ಲ.

"ಊಂ ಕಣವ್ವ. ಅಲ್ಲೇ ಇತ್ತು."

ಅಷ್ಟೇ. ಆ ಮಾತಿನ ಒಳಗೆ ನಾನು ಹೋಗಿ ಬಾಗಿಲು ಹಾಕಿಕೊಂಡೆ.

ಬೆಂಗಳೂರಿನಿಂದ ಬೇರೆ ಮಿಷನ್ನು ತರಿಸಿದರು, ಒಬ್ಬ ಎಂಜಿನಿಯರ್ ಬಂದ. ಮೊದಲನೇ ಟೇಪು ಹಾಕಿದಾಗ ಅದು ಸ್ವಲ್ಪ ಓಡಿ, ಗೊರಗೊರ ಸದ್ದು ಮಾಡಿ ನಿಂತಿತು. ಎರಡನೆಯದು ಓಡಲೇ ಇಲ್ಲ. ಎಲ್ಲವನ್ನೂ ಹಾಕಿ ನೋಡಿದ. ನಡುವೆ ಟೇಪು ಓದುವ ಮಿಷನ್ನಿನ ಮೂತಿ ಒರೆಸಿದ, ಮತ್ತೆ ಹಾಕಿದ. ಕೊನೆಗೆ ಮ್ಯಾನೇಜರಿಗೆ, "ಯಾವುದೂ ಓದ್ತಿಲ್ಲ ಸರ್. ಬರೆಯುವಾಗಲೇ ಏನೋ ತಪ್ಪಾಗಿರಬೇಕು, ಇಲ್ಲ ಇಟ್ಟ ಜಾಗ ಸರಿ ಇರಲಿಲ್ಲ" ಎಂದ.

ಮ್ಯಾನೇಜರು ನನ್ನ ಕಡೆ ತಿರುಗಿದರು. ನಾನು ಏನಾದರೂ ಹೇಳುವ ಮೊದಲೇ ನಸೀಮಾ ಹೇಳಿದಳು: "ಇಟ್ಟ ಜಾಗ ಸರಿಯಾಗೇ ಇತ್ತು ಸರ್. ನಾನೇ ಹೋಗಿ ತಂದಿದ್ದು."

ಒಳಗೆ ಬಂದು ನೋಡದೆ ನನ್ನ ಮಾತನ್ನು ತನ್ನ ಮಾತು ಮಾಡಿಕೊಂಡಳು. ಎಂಜಿನಿಯರ್ ಹೇಳಿದ್ದ ಎರಡು ದಾರಿಗಳಲ್ಲಿ ಒಂದನ್ನು ಅವಳೇ ಮುಚ್ಚಿದಳು. ಉಳಿದದ್ದು ಅವಳ ದಾರಿ. ಆಗಲೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎಂದರೆ, ಜಮೀನು ಕೊಟ್ಟವರನ್ನು ಪರ್ಮನೆಂಟ್ ಮಾಡುತ್ತೇವೆ ಎಂದು ಆ ದಸರಾಕ್ಕೆ ಮಾತಾಗಿತ್ತು. ಆ ಕೆಲಸ ಹೋದರೆ ಹಿಂದಿರುಗಲು ಆ ತುಂಡು ಬಿಟ್ಟರೆ ತೋಟವೇ ಇರಲಿಲ್ಲ, ಹೋದದ್ದರ ಮೇಲೇ ನಾನು ನಿಂತಿದ್ದೆ. ಇದು ಕಾರಣ. ಆದರೆ ನನ್ನ ಜಂಬ ಮುರಿಯುತ್ತದಲ್ಲ ಎಂಬುದೂ ಅಷ್ಟೇ ದೊಡ್ಡ ಕಾರಣ. ಊರವರ ಮುಂದೆ ಟೇಪಿಗೆ ನೀರು ಚಿಮುಕಿಸಿದವನು ಎನಿಸಿಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಕಾರ್ಖಾನೆ ದಿನಗಟ್ಟಲೆ ಕುರುಡಾಗಿ ನಡೆಯಿತು. ಯಾವ ಪೈಪಿಗೆ ಏನು ಬೆರೆಸಬೇಕು ಎಂದು ಹಳೇ ಕೆಲಸಗಾರರ ನೆನಪಿನಿಂದ ಹುಡುಕಿದರು. ಒಂದು ಲೋಡು ಪೂರ್ತಿ ಬಿರುಕು ಬಿಟ್ಟು ವಾಪಸು ಬಂತು. ಎಲ್ಲರ ಸಿಟ್ಟೂ ನಸೀಮಾಳ ಮೇಲೆ. ನನ್ನನ್ನು ಊಟಿಗೆ ಕಳಿಸುತ್ತಿದ್ದ ಹುಡುಗರೇ ಅವಳು ಹೋಗುವಾಗ, "ಖಾಲಿ ಕ್ಯಾಸೆಟ್ ಬಂತು ನೋಡ್ರಲಾ" ಎನ್ನುತ್ತಿದ್ದರು. ಮ್ಯಾನೇಜರು ಕರೆದು, ಒಮ್ಮೆಯಾದರೂ ಯಾಕೆ ಬಿಚ್ಚಿ ನೋಡಲಿಲ್ಲ ಎಂದು ಕೇಳಿದರು. ಮಿಷನ್ನು ಕೇಳಿದ್ದೆನಲ್ಲ ಸರ್ ಎಂದಳು. ಅವರು ನೆನಪಿಲ್ಲ ಎಂದರು. ನನಗೆ ನೆನಪಿತ್ತು. ಅದನ್ನೂ ನಾನು ಹೇಳಲಿಲ್ಲ. ಒಂದು ಸುಳ್ಳನ್ನು ಕಾಯಲು ಕೂತವನು ಪಕ್ಕದ ನಿಜವನ್ನೂ ಮುಟ್ಟಲಾರ.

ಆ ಸಂಜೆ ಮನೆಯಲ್ಲಿ ಜಯಮ್ಮ, "ಆ ಮಗೀನ ಮ್ಯಾಲೆ ಹೊರುಸ್ಬುಟ್ರಾ?" ಎಂದಳು.

"ನಾನೇನ್ ಹೊರುಸ್ದೆ? ನಾನ್ ಒಂದ್ ಮಾತಾಡಿಲ್ಲ."

"ಅದ್ಕೇ ಹೇಳ್ತಿರೋದು. ನಾಳೆ ಹೋಗಿ ಹೇಳ್ಬುಡಿ. ಕೂಲಿ ಮಾಡ್ಕಂಡ್ ತಿನ್ನುವ."

ನಾನು ಊಟದ ತಟ್ಟೆಯನ್ನು ತಳ್ಳಿ ಎದ್ದೆ. ಬಾಯಿಗೆ ಬಂದಂತೆ ಬೈದೆ. ಅವಳು ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಆ ಬೆಳೆಯ ಹುಳ ಗೂಡು ಕಟ್ಟಿದ ಮೇಲೆ ಮರಳನ್ನು ಬುಟ್ಟಿಗೆ ತುಂಬಿ ಹಿತ್ತಲಿಗೆ ಸುರಿದು ಬಂದಳು.

ನಸೀಮಾಳನ್ನು ಕೆಲಸದಿಂದ ಬಿಡಿಸಿದರು. ಕೊನೆಯ ದಿನ ಹೊಸ ಕಪಾಟಿನ ಕೀಲಿಕೈಯನ್ನು ನನಗೆ ಕೊಟ್ಟು ಹೊರಟಳು. ನಾನು ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಮಳೆ ಹನಿಯುತ್ತಿತ್ತು. ನಿಲ್ದಾಣದಲ್ಲಿ ಅವಳು, "ನನ್ನ ಕೈಯಲ್ಲೇ ಏನೋ ತಪ್ಪಾಗಿದೆ ಪುಟ್ಸಾಮಣ್ಣ. ಮಿಷನ್‌ಗೆ ಕೊಟ್ಟ ಆಜ್ಞೆನೆಲ್ಲಾ ಬರೆದು ಬರೆದು ನೋಡಿದೆ. ಎಲ್ಲಿ ಅಂತ ಸಿಗ್ತಿಲ್ಲ" ಎಂದಳು.

ನಾನು ಹೇಳಿದ್ದು: "ಹೋಗ್ಲಿ ಬುಡವ್ವ. ಎಲ್ರಿಗೂ ಆಯ್ತದೆ."

ಮಾಡದ ತಪ್ಪನ್ನು ಕ್ಷಮಿಸಿದ ಹಾಗೆ ಹೇಳಿದೆ. ಅವಳು ತಲೆಯಾಡಿಸಿದಳು. ಬಸ್ಸು ಬಂತು.

ದಸರಾಕ್ಕೆ ನಾನು ಪರ್ಮನೆಂಟ್ ಆದೆ. ಹೊಸ ಸರ್ವರು ಬಂತು, ಬೆಂಗಳೂರಿನಿಂದ ಹೊಸಬ ಬಂದ, ಬಿಚ್ಚಿ ನೋಡುವ ಮಿಷನ್ನೂ ಬಂತು. ತಿಂಗಳ ಟೇಪು ಬ್ಯಾಂಕಿನ ಲಾಕರಿಗೆ ಹೋಗತೊಡಗಿತು. ನಾನು ಅದೇ ಕುರ್ಚಿಯಲ್ಲಿ ಕೂತೆ. ಮೊದಲು ಆ ರೂಮು ಬರೀ ತಣ್ಣಗಿತ್ತು. ಈಗ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರೆ ಉಸಿರು ಹಿಡಿಯುತ್ತಿತ್ತು. ಬಿಟ್ಟು ಹೋಗಲು ಜಾಗವಿಲ್ಲ, ಹೇಳಲು ಬಾಯಿಲ್ಲ. ಪಟ್ಟಿಗಳಲ್ಲಿ ಅವಳ ಹೆಸರು ಇದ್ದ ಜಾಗದಲ್ಲಿ ಹೊಸಬನ ಹೆಸರು ಬಂತು. ಏನೇ ಕೆಟ್ಟರೂ, "ಆ ಹುಡುಗಿ ಮಾಡಿಟ್ಟು ಹೋಗಿದ್ದು" ಎನ್ನುವುದು ಅಭ್ಯಾಸವಾಯಿತು. ನಿವೃತ್ತಿಯಾಗುವವರೆಗೂ ಅದನ್ನು ಕೇಳಿಸಿಕೊಂಡೆ. ಆಮೇಲೂ ಚನ್ನಪಟ್ಟಣದ ಮೇಲೆ ಎಷ್ಟೋ ಸಲ ಬಸ್ಸಿನಲ್ಲಿ ಹೋದೆ. ಒಮ್ಮೆಯೂ ಇಳಿಯಲಿಲ್ಲ.

ಬ್ಯಾಂಕಿನಿಂದ ಬಂದ ಮಾರನೇ ದಿನ ಇಳಿದೆ. ಜಯಮ್ಮ ಈಗಿಲ್ಲ, ಇದ್ದಿದ್ದರೆ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದೆ. ಬೊಂಬೆಯವರ ಬೀದಿಯಲ್ಲಿ ಕೇಳುತ್ತಾ ಹೋದೆ. ಅವಳ ತಂದೆ ಜಗುಲಿಯಲ್ಲಿ ಕೂತಿದ್ದರು. ಹೆಸರು ಹೇಳಿದ ಕೂಡಲೇ, "ಅರೆ, ಪುಟ್ಸಾಮಣ್ಣ! ಮಗಳು ಎಷ್ಟು ಹೇಳ್ತಿದ್ಳು ನಿಮ್ದು. ಆ ಕಂಪ್ನೀಲಿ ಒಬ್ರೇ ಒಳ್ಳೇರು ಅಂತ. ಬನ್ನಿ ಬನ್ನಿ" ಎಂದು ಕೈ ಹಿಡಿದರು. ಆ ಕೈಯಿಂದ ನನ್ನ ಕೈ ಬಿಡಿಸಿಕೊಳ್ಳಬೇಕು ಎನ್ನಿಸಿತು.

ನಸೀಮಾ ಒಳಗೆ ಬೊಂಬೆಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು. ಕಂಪ್ಯೂಟರ್ ಕೆಲಸ ಬಿಟ್ಟೇ ಬಿಟ್ಟೆ ಎಂದಳು. "ಎರಡು ಕಡೆ ಸೇರಿದೆ. ಏನು ಟೈಪ್ ಮಾಡಿದ್ರೂ ತಪ್ಪಿದೆ ಅನ್ಸೋದು. ಮೂರ್ ಮೂರ್ ಸಲ ನೋಡೋದು. ನಿಧಾನ ಅಂತ ಬಿಡಿಸಿದ್ರು. ಈಗ ಮನೇಲೂ ಗ್ಯಾಸ್ ಆರಿಸಿದ್ನಾ ಅಂತ ಮೂರ್ ಸಲ ನೋಡ್ತೀನಿ" ಎಂದು ನಕ್ಕಳು.

ನಾನು ಚಹಾಕ್ಕೆ ಮೊದಲೇ ಹೇಳಿಬಿಟ್ಟೆ. ಅಲ್ಮೆರಾದಲ್ಲಿ ಇರಲಿಲ್ಲ ಎಂದೆ. ಮರಳು, ಒದ್ದೆ ಬಟ್ಟೆ, ಬೂಷ್ಟು, ಟವೆಲ್ಲು, ಎಲ್ಲಾ ಹೇಳಿದೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಹಳೆಯ ದಿನಗಳಲ್ಲಿ ಪರದೆ ನಿಂತಾಗ ಕೇಳುತ್ತಿದ್ದ ಹಾಗೆ ಒಂದರ ಹಿಂದೊಂದು ಕೇಳಿದಳು. ಎಲ್ಲಾ ಟೇಪೂ ಅಲ್ಲೇ ಇದ್ದವಾ? ಮೊದಲನೆಯದು ಕೂಡ? ಒಳಗೆ ಹನಿ ಕಂಡಿತ್ತಾ? ಬೂಷ್ಟು ಸುರುಳಿಯ ಮೇಲಾ, ಡಬ್ಬಿ ಮೇಲಾ? ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ.

"ಹಂಗಾದ್ರೆ ನಾನು ಬರೆದಿದ್ದು ಸರಿಯಾಗೇ ಇತ್ತು" ಎಂದಳು. ಮತ್ತೆ ಅದನ್ನೇ ಹೇಳಿದಳು. ತಂದೆಯ ಕಡೆ ತಿರುಗಿ, "ಅಬ್ಬಾಜಾನ್, ನಂದು ಸರಿಯಾಗೇ ಇತ್ತಂತೆ" ಎಂದಳು. ಮುದುಕರು ನನ್ನನ್ನೇ ನೋಡುತ್ತಿದ್ದರು. ಅವರ ಕೈಯಲ್ಲಿದ್ದ ಚಹಾದ ಲೋಟ ನನ್ನ ಕಡೆ ಬರಲಿಲ್ಲ.

ನಾನು ಕೈಮುಗಿದೆ. ಅವಳು, "ಅದು ಬೇಡ" ಎಂದಳು. ಆಮೇಲೆ, "ಅವತ್ತು ನೀವು ಮೊಟ್ಟೆ ತರ ಇಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಗೊತ್ತಿರಲಿಲ್ಲ, ಇಟ್ರಿ. ಬಸ್ ಸ್ಟ್ಯಾಂಡಲ್ಲಿ ಎಲ್ರಿಗೂ ಆಗುತ್ತೆ ಅಂದ್ರಲ್ಲ, ಅದು ಹೇಗೆ ಅಂದ್ರಿ ಪುಟ್ಸಾಮಣ್ಣ?" ಎಂದು ಕೇಳಿದಳು.

ಅವಳು ಡಬ್ಬಿಗೆ ಇನ್ನೊಂದು ಬೊಂಬೆ ಹಾಕಿ ಮುಚ್ಚಳ ಒತ್ತಿದಳು.

"ನನಗೆ ಹೇಳಿದ್ರಿ, ಸರಿ. ನಾನು ಕೆಲಸ ಕೆಡಿಸಿದೆ ಅಂತ ನಂಬಿದೋರು ಎಷ್ಟೋ ಜನ ಇದ್ದಾರೆ. ಅವರಿಗೆ ಯಾರು ಹೇಳ್ತಾರೆ?" ಎಂದು ಎದ್ದು ಒಳಕೋಣೆಗೆ ಹೋದಳು.

ಅದಕ್ಕೆ ಇದನ್ನು ಬರೆದೆ. ಆ ಕಾರ್ಖಾನೆಯಲ್ಲಿದ್ದವರು ಈಗ ಎಲ್ಲೆಲ್ಲೋ ಇದ್ದಾರೆ, ಕೆಲವರು ಇಲ್ಲ. ಇರುವವರಲ್ಲಿ ಯಾರ ಕಣ್ಣಿಗಾದರೂ ಇದು ಬಿದ್ದರೆ ಅವರು ತಿಳಿಯಲಿ. ನಸೀಮಾ ಬರೆದ ಟೇಪುಗಳಲ್ಲಿ ತಪ್ಪಿರಲಿಲ್ಲ. ಬಿಚ್ಚಿ ನೋಡಲು ಅವಳು ಮಿಷನ್ನು ಕೇಳಿದ್ದಳು, ನಾನು ಅಲ್ಲೇ ನಿಂತು ಕೇಳಿಸಿಕೊಂಡಿದ್ದೆ. ಟೇಪುಗಳನ್ನು ಕೆಡಿಸಿದವನು ನಾನು. ಅವಳು ನನ್ನ ಬಾಗಿಲ ಹೊರಗೆ ನಿಂತು ಕೇಳಿದಾಗ ಸುಳ್ಳು ಹೇಳಿದವನೂ ನಾನೇ.